ಇನ್ನೂರ ಹದಿನಾಲ್ಕನೆಯವರು

"ಹೆಸರನ್ನ ಬೇರೆ ಥರ ಬರೆದೂ ಹುಡುಕು. ಆಮೇಲೆ ಚಿಕ್ಕಪ್ಪ ಮೋಸ ಮಾಡಿದ ಅನ್ನೋ ಮಾತು ಬೇಡ," ಎಂದು ಚಿಕ್ಕಪ್ಪ ಕುರ್ಚಿಯ ಹಿಂದೆ ನಿಂತೇ ಹೇಳಿದರು.

ಮಗಳು ಎರಡನೆಯ ಅಕ್ಷರಕ್ಕೆ ದೀರ್ಘ ಕೊಟ್ಟು ಟೈಪ್ ಮಾಡಿದಳು. ಅಪ್ಪನ ವಂಶವೃಕ್ಷದ ಸಾಫ್ಟ್‌ವೇರ್ ಮತ್ತೆ ಅದೇ ಉತ್ತರ ಕೊಟ್ಟಿತು: ಈ ಹೆಸರಿನವರು ಯಾರೂ ಇಲ್ಲ.

"ಮುಗೀತಲ್ಲ? ಮುತ್ತಜ್ಜನ ಎರಡನೇ ಹೆಂಡ್ತಿ ತವರಿನವರನ್ನೂ ಬಿಡದೆ ಬರೆದ ಮನುಷ್ಯ ನಮ್ಮಣ್ಣ. ಅವಳು ಲೆಕ್ಕದಲ್ಲಿದ್ದಿದ್ರೆ ಬಿಡ್ತಿದ್ನಾ?"

ಪಕ್ಕದ ಹಾಲ್‌ನಲ್ಲಿ ಅಪ್ಪ ಪೆಟ್ಟಿಗೆಯೊಳಗೆ ಮಲಗಿದ್ದರು. ಹನ್ನೊಂದಕ್ಕೆ ವ್ಯಾನ್ ಬರುವುದಿತ್ತು. ಈಗ ಹತ್ತೂ ಮೂವತ್ತೈದು. ರಸ್ತೆಯಾಚೆ, ಔಷಧಿ ಅಂಗಡಿಯ ಮುಂದಿನ ಬೆಂಚಿನ ಮೇಲೆ, ಒಬ್ಬ ವಯಸ್ಸಾದ ಹೆಂಗಸು ಒಂಬತ್ತರಿಂದ ಕೂತಿದ್ದರು. ತಾನು ಸತ್ತವರ ಅಕ್ಕ, ಒಂದು ಸಲ ಮುಖ ನೋಡಿಕೊಂಡು ಹೋಗುತ್ತೇನೆ ಎಂದು ಬಾಗಿಲಲ್ಲಿ ನಿಂತು ಹೇಳಿದ್ದರು. ಅಪ್ಪನಿಗೊಬ್ಬ ಅಕ್ಕ ಇದ್ದ ಸಂಗತಿಯನ್ನು ಮಗಳು ತನ್ನ ನಲವತ್ತೊಂದು ವರ್ಷಗಳಲ್ಲಿ ಮೊದಲ ಸಲ ಕೇಳಿದ್ದು ಆಗಲೇ. ಚಿಕ್ಕಪ್ಪ ಅವರ ಮುಖಕ್ಕೇ ಬಾಗಿಲು ಹಾಕಿ ಚಿಲಕ ಜಡಿದಿದ್ದರು. ಆಮೇಲೆ ಬಂದವರೆಲ್ಲ ಹಿತ್ತಿಲಿನಿಂದಲೇ ಬರಬೇಕಾಯಿತು.

"ಅವಳು ಒಳಗೆ ಬಂದ್ರೆ ನಾನು ಹೊರಗೆ. ಅಣ್ಣನ್ನ ಹೊರೋಕೆ ನನ್ನ ಹೆಗಲು ಇದೆ ಅಂತ ತಿಳ್ಕೋಬೇಡಿ," ಎಂದು ಎಲ್ಲರೆದುರು ಗುಡುಗಿ, ಅಮ್ಮನ ಮುಖ ನೋಡಿ ತುಸು ಇಳಿದಿದ್ದರು. "ಅಣ್ಣ ಬರೆದಿಟ್ಟ ಮರದಲ್ಲಿ ಅವಳಿದ್ದಾಳೆ ಅಂತ ತೋರಿಸಿ. ನಾನೇ ಹೋಗಿ ಬಾಗಿಲು ತೆಗೀತೀನಿ."

ಮಗಳು ಕುರ್ಚಿ ತಿರುಗಿಸಿದಳು. "ಅವರು ಏನು ಮಾಡಿದ್ರು ಚಿಕ್ಕಪ್ಪ?"

"ಏನು ಮಾಡಿದ್ಲಾ? ಬೆಳಿಗ್ಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿದ್ಲು. ಸಂಜೆ ಬಂದಾಗ ಇರ್ಲಿಲ್ಲ. ಯಾವನನ್ನೋ ಮದುವೆ ಆಗೋಕೆ ಹೋದಳಂತೆ. ಅಷ್ಟೇ ಕಣೆ ಕತೆ."

ಔಷಧಿ ಅಂಗಡಿಯವರು ಹಿತ್ತಿಲಿನಿಂದ ಬಂದು ಕೋಣೆಯೊಳಗೆ ಇಣುಕಿದರು. "ಅವ್ರು ನೀರೂ ಬೇಡ ಅಂತಾರಮ್ಮ. ವ್ಯಾನ್ ಹತ್ತಿಸೋವಾಗ ರಸ್ತೆಯಿಂದಾನೇ ನೋಡ್ಕೋತೀನಿ ಅಂತಾರೆ. ಆಗ ಪೆಟ್ಟಿಗೆ ಮುಚ್ಚಿರುತ್ತಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ."

ಚಿಕ್ಕಪ್ಪ ಕೈಗಡಿಯಾರ ನೋಡಿಕೊಂಡರು.

*

ತೂಕ ಮತ್ತು ಅಳತೆಯ ಕಚೇರಿಯಲ್ಲಿ ಮೂವತ್ತೊಂದು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿದ ಅಪ್ಪನಿಗೆ ವ್ಯಾಪಾರಿಗಳು ಇಟ್ಟ ಹೆಸರು 'ಗ್ರಾಂ'. ಅದರಲ್ಲಿ ಬೈಗುಳವೂ ಇತ್ತು, ಒಂದಿಷ್ಟು ಗೌರವವೂ ಇತ್ತು. ನಿವೃತ್ತಿಯಾದ ಮರುವರ್ಷ ಮಗಳು ಈ ಸಾಫ್ಟ್‌ವೇರ್ ಹಾಕಿಕೊಟ್ಟಳು. ಜನರನ್ನು ತುಂಬಿಸಲು ಅವರಿಗೆ ಎರಡು ತಿಂಗಳು ಸಾಕಾಯಿತು. ಪರದೆ ಜೋಡಿಸಲು ಎಂಟು ತಿಂಗಳು ಹಿಡಿಯಿತು.

ಪರದೆಯ ಮೇಲೆ ಹೆಸರುಗಳ ಪಟ್ಟಿಗೊಂದು ಚೌಕ, ಫೋಟೋಗೊಂದು, ಟಿಪ್ಪಣಿಗೊಂದು. ಒಂದೊಂದನ್ನೂ ಎಳೆದು ಜಾಗ ಬದಲಿಸಬಹುದು, ಹಿಗ್ಗಿಸಬಹುದು, ಮುಚ್ಚಬಹುದು ಎಂದು ತಿಳಿದ ದಿನದಿಂದ ಅಪ್ಪನ ಸಂಜೆಗಳೆಲ್ಲ ಅದಕ್ಕೇ ಹೋದವು. ಸ್ಟೀಲ್ ಸ್ಕೇಲನ್ನು ಗಾಜಿಗೇ ಹಿಡಿದು ಅಂಚಿಗೆ ಅಂಚು ಕೂಡಿಸುತ್ತಿದ್ದರು.

"ಅಪ್ಪಾ, ಒಂದು ಮಿಲಿಮೀಟರ್ ಆಚೀಚೆ ಆದ್ರೆ ಯಾರೂ ದಂಡ ಹಾಕಲ್ಲ."

"ಕಣ್ಣು ಹಾಕುತ್ತಲ್ಲ."

ನಾಲ್ಕು ಗಂಟೆಗೆ ಕಿಟಕಿಯ ಬಿಸಿಲು ಪರದೆಯ ಕೆಳಮೂಲೆಗೆ ಬೀಳುತ್ತದೆಂದು ಅಮ್ಮನ ಫೋಟೋವನ್ನು ಅಲ್ಲಿಂದೆಬ್ಬಿಸಿ ಮೇಲಿನ ಎಡಮೂಲೆಗೆ ತಂದರು. ಬಟನ್‌ಗಳಲ್ಲಿ ಮುಕ್ಕಾಲುಪಾಲು ಕಿತ್ತುಹಾಕಿದರು. "ಬೇಡದ ಬಟನ್ ಕಣ್ಣೆದುರಿಗಿದ್ರೆ ಬೆರಳಿಗೆ ಆಸೆ ಹುಟ್ಟುತ್ತೆ," ಎಂದು ಕಾರಣ ಕೊಟ್ಟರು.

ಒಂದು ಭಾನುವಾರ ಚಿಕ್ಕಪ್ಪ ಬಂದಿದ್ದರು. ಮಗಳು ಕಾಫಿ ಹಿಡಿದು ಕೋಣೆಗೆ ಬರುವಷ್ಟರಲ್ಲಿ ಮಾತು ಮುಗಿಯುವ ಹಂತದಲ್ಲಿತ್ತು.

"ಅದು ನನ್ನ ಕಣ್ಣಿಗೆ ಬೀಳಬಾರದು, ಅಷ್ಟೆ."

"ನಿನ್ನ ಕಣ್ಣಿಗೆ ಬೀಳಲ್ಲ," ಎಂದರು ಅಪ್ಪ.

"ಮಾತು?"

"ಮಾತು."

ಯಾವುದೋ ಹಳೆಯ ಫೋಟೋ ಇರಬೇಕೆಂದು ಅವಳು ಲೋಟ ಇಟ್ಟು ಹೋದಳು. ಅದೇ ವಾರ ಅಪ್ಪ ಫೋನ್ ಮಾಡಿ ಕೇಳಿದ್ದರು: "ಏನನ್ನಾದ್ರೂ ಪರದೆಯಿಂದ ಮರೆ ಮಾಡಿದ್ರೆ ಒಳಗಿರೋದು ಅಳಿಸಿಹೋಗುತ್ತಾ?"

"ಇಲ್ಲಪ್ಪ, ಕಾಣಲ್ಲ ಅಷ್ಟೆ."

"ಅಷ್ಟು ಸಾಕು."

*

ಹತ್ತೂ ನಲವತ್ತೆರಡು. ಮಗಳು ಪಟ್ಟಿಯನ್ನು ಕೊನೆಯವರೆಗೂ ಉರುಳಿಸಿದಳು. ಕಟ್ಟಕಡೆಯ ಹೆಸರಿನ ಕೆಳಗೆ ತೆಳುವಾದ ಅಕ್ಷರದಲ್ಲಿ ಒಂದು ಸಾಲಿತ್ತು: ತೋರಿಸಿರುವುದು 213, ಒಟ್ಟು 214.

ಅವಳ ಬೆರಳು ನಿಂತಿತು. ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವಳು ಅವಳು. ಒಂದರ ವ್ಯತ್ಯಾಸವನ್ನು ತನ್ನಷ್ಟಕ್ಕೆ ಬಿಡುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಪ್ಪ ಹೆಸರನ್ನು ಮರೆ ಮಾಡಿದ್ದರು, ಮೊತ್ತವನ್ನು ತಿದ್ದಿರಲಿಲ್ಲ.

"ಒಬ್ಬರು ಕಡಿಮೆ ಇದ್ದಾರೆ ಚಿಕ್ಕಪ್ಪ."

"ಎಲ್ಲಿ?"

ಅವಳು ಸಾಲಿಗೆ ಬೆರಳಿಟ್ಟು ತೋರಿಸಿದಳು. ಚಿಕ್ಕಪ್ಪ ಕನ್ನಡಕ ಏರಿಸಿ ಓದಿ, "ಆ ಯಂತ್ರಕ್ಕೇನು ಗೊತ್ತು," ಎಂದರು. ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

ಮರೆ ಮಾಡಿದ್ದನ್ನು ತೋರಿಸುವ ಬಟನ್ ಅಪ್ಪ ಕಿತ್ತವುಗಳಲ್ಲೇ ಸೇರಿತ್ತು. ಮೂರು ಮೆನುಗಳನ್ನು ಬಿಚ್ಚಿ ನೋಡಿದಳು, ಸಿಗಲಿಲ್ಲ. ಕಡೆಗೆ ಕೈಗೆ ಸಿಕ್ಕಿದ್ದು ಒಂದೇ ದಾರಿ: ಮೂಲ ವಿನ್ಯಾಸಕ್ಕೆ ಮರಳಿಸು. ಒತ್ತಿದಾಗ ಎಚ್ಚರಿಕೆ ಮೂಡಿತು: ನಿಮ್ಮ ಜೋಡಣೆ ಪೂರ್ತಿ ಅಳಿಸಿಹೋಗುತ್ತದೆ. ಇದನ್ನು ಹಿಂದಕ್ಕೆ ಪಡೆಯಲಾಗದು. ಹೌದು? ಬೇಡ?

"ಮುಟ್ಟಬೇಡ!" ಚಿಕ್ಕಪ್ಪ ಅವಳ ಭುಜ ಹಿಡಿದರು. "ಎಂಟು ತಿಂಗಳು ಕೂತು ಜೋಡಿಸಿದ್ದು ಕಣೆ. ಅವನು ಇನ್ನೂ ಮನೆ ಬಿಟ್ಟಿಲ್ಲ, ಅವನ ಕೈಕೆಲಸ ಅಳಿಸ್ತೀಯಾ?"

ಅದು ನೆಪವೆಂದು ಇಬ್ಬರಿಗೂ ಗೊತ್ತಿತ್ತು. ನಿಜವೆಂದೂ ಗೊತ್ತಿತ್ತು. ಅಂಚಿಗೆ ಅಂಚು ಕೂಡಿದ ಆ ಪರದೆಯಲ್ಲಿ ಅಪ್ಪ ಎಲ್ಲ ಕಡೆಯೂ ಇದ್ದರು. ಮೊದಲು ಅದರದೊಂದು ಫೋಟೋ ತೆಗೆದಿಟ್ಟುಕೊಳ್ಳಬಹುದಿತ್ತು ಎಂದು ಅವಳಿಗೆ ಹೊಳೆದದ್ದು ವಾರ ಕಳೆದ ಮೇಲೆ.

"ಏನಂತೆ?" ಅಮ್ಮ ಬಾಗಿಲಲ್ಲಿ ನಿಂತಿದ್ದರು.

"ಇದನ್ನ ಒತ್ತಿದ್ರೆ ಅಪ್ಪ ಜೋಡಿಸಿದ್ದೆಲ್ಲ ಹೋಗುತ್ತೆ. ಮೇಲಿರೋ ನಿನ್ನ ಫೋಟೋನೂ ಕಾಣಲ್ಲ. ಅಮ್ಮ, ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಆ ಜಗಳಕ್ಕೆ ನಾನು ತಡವಾಗಿ ಬಂದವಳು, ಬಾಯಿ ಹಾಕಲಿಲ್ಲ." ಅಮ್ಮ ಪರದೆಯನ್ನೇ ನೋಡುತ್ತ ನಿಂತರು. "ಫೋಟೋ ಹೋದ್ರೆ ಹೋಗ್ಲಿ ಬಿಡು. ನಾನು ಇಲ್ಲೇ ಇದೀನಲ್ಲ. ಅವರಕ್ಕ ಅಲ್ಲಿ ಬಿಸಿಲಲ್ಲಿ ಕೂತಿದ್ದಾರೆ."

ಮಗಳು 'ಹೌದು' ಒತ್ತಿದಳು.

ಪರದೆ ಬಿಳಿಯಾಯಿತು. ಆಮೇಲೆ ಚೌಕಗಳು ಒಂದರ ಮೇಲೊಂದು, ಅಡ್ಡಾದಿಡ್ಡಿಯಾಗಿ ಬಂದು ಕೂತವು. ಅಕ್ಷರಗಳು ಇರುವೆಯಷ್ಟಾದವು. ಬಟನ್‌ಗಳು ಸಂತೆಯಂತೆ ಮುತ್ತಿಕೊಂಡವು. ನಡುವೆ ಮರ ಬಿಡಿಸಿಕೊಂಡಿತು. ಅಜ್ಜ ಅಜ್ಜಿಯ ಕೆಳಗೆ ಎರಡಿದ್ದ ಕಡೆ ಈಗ ಮೂರು ಹೆಸರು. ಮೊದಲನೆಯದು ಒಬ್ಬ ಹೆಣ್ಣಿನದು.

ಚಿಕ್ಕಪ್ಪ ಬಗ್ಗಿದರು. ಅವರು ಹೆಸರನ್ನು ನೋಡುತ್ತಿರಲಿಲ್ಲ. ಆ ಹೆಸರಿನಿಂದ ಹೊರಟು, ಅಪ್ಪನನ್ನು ದಾಟಿ, ಅವರದೇ ಹೆಸರಿಗೆ ಬಂದು ಸೇರಿದ ಚುಕ್ಕಿ ಗೆರೆಯೊಂದನ್ನು ನೋಡುತ್ತಿದ್ದರು.

"ಇದೇನು ಗೆರೆ? ನನ್ನಣ್ಣನಿಗೆ ಇಲ್ಲ, ನನಗೆ ಮಾತ್ರ?"

"ಸಾಕಿದವರಿಗೆ ಹಾಕೋದು ಚಿಕ್ಕಪ್ಪ. ಹೆತ್ತವರಿಗೆ ಪೂರ್ತಿ ಗೆರೆ, ಸಾಕಿದವರಿಗೆ ಚುಕ್ಕಿ." ಅವಳು ಗೆರೆಯನ್ನು ಒತ್ತಿದಳು. ಟಿಪ್ಪಣಿ ತೆರೆಯಿತು. ಪ್ರತಿಯೊಂದು ಮಾಹಿತಿಗೂ ಆಧಾರ ಬರೆಯುವುದು ಅಪ್ಪನ ಪದ್ಧತಿ. ಅವಳು ಓದಿದಳು: "ಸಂಬಂಧ, ಸಾಕುತಾಯಿ. ಅವಧಿ, ಅಮ್ಮ ತೀರಿಕೊಂಡಾಗ ತಮ್ಮನಿಗೆ ನಾಲ್ಕು. ಅಲ್ಲಿಂದ ಅವನ ಹನ್ನೊಂದನೇ ವರ್ಷದವರೆಗೆ. ಆಧಾರ, ಕಣ್ಣಾರೆ ಕಂಡದ್ದು."

ಹಾಲ್‌ನಲ್ಲಿ ಯಾರೋ ಕೆಮ್ಮಿದರು. ಹೊರಗೆ ವ್ಯಾನ್ ಬಂದು ನಿಂತ ಸದ್ದಾಯಿತು.

"ಹನ್ನೊಂದೂವರೆ," ಎಂದರು ಚಿಕ್ಕಪ್ಪ.

"ಆಂ?"

"ಹನ್ನೊಂದಲ್ಲ. ಹನ್ನೊಂದೂವರೆ. ತಪ್ಪು ಬರೆದಿದಾನೆ ನಿಮ್ಮಪ್ಪ. ತಿದ್ದು."

ಅವಳು ತಿದ್ದುವವರೆಗೂ ಅವರು ಅಲ್ಲೇ ನಿಂತಿದ್ದರು. ಆಮೇಲೆ ಹಾಲ್ ದಾಟಿ, ಪೆಟ್ಟಿಗೆಯ ಕಡೆ ತಿರುಗದೆ, ಮುಂಬಾಗಿಲಿಗೆ ಹೋಗಿ ಚಿಲಕ ಎಳೆದರು. ಔಷಧಿ ಅಂಗಡಿಯವರು ಆ ಹೆಂಗಸಿನ ಮೊಣಕೈ ಹಿಡಿದು ರಸ್ತೆ ದಾಟಿಸಿದರು. ಅವರು ಮೆಟ್ಟಿಲು ಹತ್ತಿ ಬಂದಾಗ ಚಿಕ್ಕಪ್ಪ ಬಾಗಿಲುವಾಡಕ್ಕೆ ಅಡ್ಡ ಕೈ ಊರಿ, ಅವರ ತಲೆಯ ಮೇಲಿಂದ ಎಲ್ಲೋ ದೂರ ನೋಡುತ್ತ ನಿಂತಿದ್ದರು. ಬಾ ಎನ್ನಲಿಲ್ಲ. ಸರಿಯಲೂ ಇಲ್ಲ.

ಆಕೆ ಆ ಕೈಯನ್ನು ಒಂದು ಕ್ಷಣ ನೋಡಿದರು. ಗಿಡ್ಡ ದೇಹ, ತಲೆಯನ್ನಷ್ಟೇ ಬಾಗಿಸಿ ಅದರ ಕೆಳಗಿನಿಂದ ಒಳಗೆ ಹೋದರು.

ಆಕೆ ಪೆಟ್ಟಿಗೆಯ ಬಳಿ ತಲುಪಿ ಕೂತ ಮೇಲೂ, ಹೊರಗೆ ವ್ಯಾನಿನವನು ಒಮ್ಮೆ ಹಾರ್ನ್ ಮಾಡಿ ಸುಮ್ಮನಾದ ಮೇಲೂ, ಚಿಕ್ಕಪ್ಪನ ಕೈ ಖಾಲಿ ಬಾಗಿಲಿಗೆ ಹಾಗೆಯೇ ಅಡ್ಡವಾಗಿತ್ತು.