ಪ್ಯಾಕ್‌ಮ್ಯಾನ್ ಸಾಲು

ಮತ್ತೆ ಆ ಸಾಲಿನಿಂದಲೇ ನಗು, ಕಿಟಕಿ ಕಡೆಯ ಹದಿನೈದು ಕಂಪ್ಯೂಟರುಗಳ ಸಾಲಿನಿಂದ, ಹುಡುಗಿಯರು ಕುರ್ಚಿ ಎಳೆದುಕೊಂಡು ಬಸವಕಿರಣನ ಸುತ್ತ ಕೂತಿದ್ದಾರೆ, ಗೋಡೆ ಕಡೆಯ ಹದಿನೈದರ ಮುಂದೆ ಹಣಮಂತ ಒಬ್ಬನೇ, ಮೂರು ವರ್ಷದಿಂದ ಈ ತರಬೇತಿ ಕೇಂದ್ರದ ಲ್ಯಾಬು ನಡೆಸಿದವನು — ಬಸವಕಿರಣ ಬಂದು ಎರಡೇ ತಿಂಗಳು, ಭಾಲ್ಕಿಯಿಂದ ರೈಲಿನಲ್ಲಿ ಕೂತು ಬರುತ್ತಾನೆ, ಅಂಗಿಯ ಇಸ್ತ್ರಿ ಮುರಿದಿರುವುದಿಲ್ಲ, ಔರಾದದ ಬಸ್ಸಿನಲ್ಲಿ ನಿಂತು ಬಂದ ಹಣಮಂತನ ಅಂಗಿ ಬೀದರ ಸೇರುವಷ್ಟರಲ್ಲಿ ಹಿಂಡಿಟ್ಟ ಅರಿವೆ, ಇದನ್ನೂ ಹುಡುಗಿಯರು ನೋಡುತ್ತಾರೆ, ನೋಡದೆ ಇರುತ್ತಾರೆಯೇ. ಇವತ್ತು ಇಬ್ಬರೂ ನಿಮ್ಮ ನಿಮ್ಮ ಲಿನಕ್ಸಿನಾಗ ಹೊಸಾ ಡ್ರಾಯಿಂಗ್ ಸಾಫ್ಟ್‌ವೇರ್ ಹಾಕಿ ತೋರಸ್ರಿ, ಯಾರದು ಛಲೋ ನಡೀತದ ಅದನ್ನೇ ಮೂವತ್ತಕ್ಕೂ ಹಾಕಸ್ತೇನಿ, ಲ್ಯಾಬ್ ಇನ್‌ಚಾರ್ಜೂ ಅವರೇ, ಅಂದಿದ್ದಾರೆ ಕೇಂದ್ರದ ಮುಖ್ಯಸ್ಥೆ ಅಂಜನಾಬಾಯಿ ಮೇಡಂ. ಹಣಮಂತನ ಸಾಲಿನ ಕಂಪ್ಯೂಟರುಗಳನ್ನು ನಡೆಸುವುದು ಡೆಬಿಯನ್ ಎಂಬ ಲಿನಕ್ಸ್, ಸಾಫ್ಟ್‌ವೇರ್ ತಂದು ಹಾಕುವ ಅದರ ಆ್ಯಪ್ಟ್ ಏನು ಬರುತ್ತದೆ, ಏನು ಹೋಗುತ್ತದೆ ಎಂದು ಪಟ್ಟಿ ಓದಿ ಒಪ್ಪಿಗೆ ಕೇಳುತ್ತದೆ, ಕೆಡುವುದಿಲ್ಲ, ಆದರೆ ಕೊಡುವುದು ಎರಡು ವರ್ಷದ ಹಿಂದಿನ ಮಾಲು — ಸರ್, ಇದೇನ್ ಮ್ಯೂಸಿಯಮ್ ಏನ್ರಿ, ಎಂದಳು ಆ ಗುಂಪಿನ ಕಾಜಲ, ಎಲ್ಲರೂ ನಕ್ಕರು, ಬಸವಕಿರಣ ಮಾತ್ರ ನಗಲಿಲ್ಲ, ಅದೇ ಹೆಚ್ಚು ಉರಿಯಿತು. ಅವನದು ಆರ್ಚ್ ಎಂಬ ಇನ್ನೊಂದು ಲಿನಕ್ಸ್, ಅದರಲ್ಲಿ ಸಾಫ್ಟ್‌ವೇರ್ ತರುವ ಪ್ಯಾಕ್‌ಮ್ಯಾನಿಗೆ ಒಂದು ಸಾಲು ಬರೆದರೆ ಈ ವಾರ ತಯಾರಾದದ್ದು ಈ ವಾರವೇ ಇಳಿಯುತ್ತದೆ, ಹುಡುಗಿಯರು ವಾಹ್ ಅನ್ನುತ್ತಾರೆ, ಮನೆಯ ಹಳೆ ಲ್ಯಾಪ್‌ಟಾಪಿನಲ್ಲಿ ಹಣಮಂತನೂ ಆರ್ಚ್ ಹಾಕಿದ್ದ, ಮೂರು ಸಲ ಕೆಡಿಸಿ ಮೂರು ಸಲ ಎಬ್ಬಿಸಿದ್ದ, ಒಂದು ನೋಟ್‌ಬುಕ್ ತುಂಬ ಬರೆದಿಟ್ಟಿದ್ದ, ಯಾರಿಗೆ ಗೊತ್ತು, ಯಾರು ಕೇಳಿದರು.

ಪ್ಯಾಕ್‌ಮ್ಯಾನಿಗೆ ಒಂದೇ ಕಟ್ಟಳೆ, ಸಿಗುವ ಸಾಫ್ಟ್‌ವೇರುಗಳ ಪಟ್ಟಿ ಹೊಸದಾದರೆ ಇಡೀ ಯಂತ್ರವೂ ಹೊಸದಾಗಬೇಕು, ಒಂದನ್ನೇ ತಂದರೆ ಅದು ಹೊಸ ಲೈಬ್ರರಿಯನ್ನು, ಎಲ್ಲವೂ ಹಂಚಿಕೊಂಡು ಬಳಸುವ ಕಡತವನ್ನು, ಜೊತೆಗೆ ಎಳೆದು ತರುತ್ತದೆ, ಹಳೆಯ ಲೈಬ್ರರಿ ಅಳಿಯುತ್ತದೆ, ಉಳಿದವು ಅದನ್ನೇ ಹುಡುಕಿ ಬಿದ್ದುಹೋಗುತ್ತವೆ — ಊರು ಚಿಂತಾಕಿಯಲ್ಲಿ ಹಣಮಂತನ ಅಪ್ಪ ಕುರಿಹಟ್ಟಿ ಬದಲಿಸುವಾಗ ಬೈಯುತ್ತಿದ್ದ, ಎಲ್ಲಾ ಹೊಡಿಯೋ ಮಗನ, ತಾಯಿ ಅಲ್ಲಿ ಮರಿ ಇಲ್ಲಿ ಮಾಡಬ್ಯಾಡ. ನೆಟ್ಟು ನಿಧಾನ, ಪೂರ್ತಿ ಅಪ್‌ಡೇಟಿಗೆ ಎರಡು ತಾಸು, ಮೇಡಂ ಗಡಿಯಾರ ನೋಡುತ್ತಿದ್ದರು, ಆಗಲೇ ಬಸವಕಿರಣ ತಿರುಗಿದ್ದು, ಎಂಟರ್ ಕೀಲಿಯ ಮೇಲೆ ಎತ್ತಿದ ಬೆರಳು, ಹಣಮಂತಣ್ಣ, ನಿಮ್ಮ ಆ್ಯಪ್ಟಿನಾಗ ಪಟ್ಟಿ ಅಷ್ಟೇ ಹೊಸಾದು ಮಾಡಿ ಬೇಕಾದ್ದೊಂದೇ ಹಾಕ್ತೀರಲ್ರಿ, ಇದರಾಗೂ ಹಂಗ ನಡೀತದೇನ್ರಿ, ಇಷ್ಟು ದಿನ ನಾ ಎಲ್ಲಾ ಕೂಡೇ ಮಾಡೀನಿ. ಹೂಂ, ನಡೀತದ, ಅಂದ ಹಣಮಂತ. ಬಾಯಿ ತಡೆಯಲಿಲ್ಲ, ನಾಲಿಗೆ ತೊದಲಲಿಲ್ಲ. ಬೆರಳು ಇಳಿಯಿತು, ಒಂದೇ ಆಜ್ಞೆ ಹದಿನೈದು ಯಂತ್ರಗಳಿಗೂ ಹೋಯಿತು, ಹೊಸ ಸಾಫ್ಟ್‌ವೇರ್ ಇಳಿಯಿತು, ಚಪ್ಪಾಳೆ, ಎಲ್ಲಾ ಒಮ್ಮೆ ಬಂದ್ ಮಾಡಿ ಚಾಲೂ ಮಾಡಪಾ ಅಂದರು ಮೇಡಂ, ಮಾಡಿದ, ಹದಿನೈದೂ ಪರದೆಗಳು ಕಪ್ಪು, ಎಲ್ಲದರ ಮೇಲೂ ಅದೇ ಬಿಳಿ ಸಾಲು, ಲೈಬ್ರರಿ ಸಿಗಲಿಲ್ಲ. ಏನಪಾ, ಎಲ್ಲಾ ಮಕ್ಕೊಂಡ್ವಲ್ಲ! ಹಣಮಂತ, ಸೋಮವಾರದಿಂದ ಲ್ಯಾಬ್ ನಿನ್ನ ಕಡಿನೇ, ಹಳೇದಾದ್ರೂ ನಡೀತದಲ್ಲ, ಅಂದರು ಮೇಡಂ. ಕುರ್ಚಿಗಳು ಕಿರುಗುಟ್ಟುತ್ತ ಗೋಡೆ ಕಡೆಗೆ ಬರುತ್ತಿವೆ, ಕಾಜಲ ಪಕ್ಕದಲ್ಲೇ ಕೂತಿದ್ದಾಳೆ, ಈಗ ಉರಿ ತಣ್ಣಗಾಗಬೇಕಿತ್ತು, ಆಗಲಿಲ್ಲ, ಯಾಕೆಂದರೆ ಬಸವಕಿರಣ ಅಂದದ್ದು ಇಷ್ಟೇ, ತಪ್ಪು ನಂದೇ ರೀ ಮೇಡಂ, ಅವಸರ ಮಾಡ್ದೆ — ಹಣಮಂತನ ಹೆಸರು ತೆಗೆಯಲಿಲ್ಲ, ಇಷ್ಟು ಸಲೀಸಾಗಿ ತಪ್ಪು ಹೊತ್ತುಕೊಳ್ಳುವುದನ್ನು ಎಲ್ಲಿ ಕಲಿತ, ಇದರಲ್ಲೂ ಅವನದೇ ಮೇಲುಗೈ, ಹಣಮಂತ ಬೇಕೆಂದೇ ಸುಳ್ಳು ಹೇಳಿದ್ದು ಅವನಿಗೆ ಗೊತ್ತಾಗಿರಬಹುದು, ಗೊತ್ತಾಗಿಲ್ಲದೆಯೂ ಇರಬಹುದು, ಈಗಲೂ ಎದ್ದು ಹೋಗಿ ಪೆನ್‌ಡ್ರೈವ್ ಹಾಕಿ ಹಳೆಯ ಲೈಬ್ರರಿಯನ್ನೇ ತಿರುಗಿ ಇಟ್ಟು ಒಂದೊಂದನ್ನೂ ಅರ್ಧ ತಾಸಿನಲ್ಲಿ ಎಬ್ಬಿಸಬಹುದು, ನೋಟ್‌ಬುಕ್ಕಿನಲ್ಲಿದೆ, ಎಬ್ಬಿಸಿದರೆ ನಿನಗ ಇದು ಮೊದಲೇ ಗೊತ್ತಿತ್ತೇನು ಎಂದು ಮೇಡಂ ಕೇಳುತ್ತಾರೆ, ಗೊತ್ತಿತ್ತು, ಮೂರು ವರ್ಷದಲ್ಲಿ ಹಣಮಂತನಿಗೆ ಗೊತ್ತಿರುವುದನ್ನು ಈ ಕೋಣೆಯಲ್ಲಿ ನಂಬಿ ಕೇಳಿದವನು ಬಸವಕಿರಣ ಒಬ್ಬನೇ, ತಿರುಗಿದ ಆ ಮುಖ, ಎಂಟರಿನ ಮೇಲೆ ಎತ್ತಿದ ಬೆರಳು, ಇಳಿಯದೆ ಕಾಯುತ್ತಿರುವ ಬೆರಳು —