ಕ್ಯಾಂಟೀನಕ್ಕನ ಬರ್ಗರ್

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಕಾವಲಿಯ ಮುಂದೆ ನಿಂತವಳನ್ನು ಡಾಕ್ಟರುಗಳಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರೂ ಕರೆಯುತ್ತಿದ್ದುದು ಕ್ಯಾಂಟೀನಕ್ಕ ಎಂದೇ. ಅವಳ ಬರ್ಗರ್‌ಗೆ ಹೆಸರಿತ್ತು. ಅವಳ ಬಾಯಿಗೆ ಅದಕ್ಕಿಂತ ದೊಡ್ಡ ಹೆಸರಿತ್ತು. ಒಂದೇ ಏಟಿಗೆ ಆರಾರು ಬರ್ಗರ್ ಬೇಯಿಸುತ್ತಾ, ಹೊಸ ಡಾಕ್ಟರುಗಳ ಕಾಲೆಳೆಯುತ್ತಾ, ಊಟ ಬಿಟ್ಟು ಓಡುವ ನರ್ಸುಗಳನ್ನು ತಡೆದು ಕೂರಿಸುತ್ತಾ, ಮಧ್ಯಾಹ್ನ ಮೂರರವರೆಗೆ ಅವಳ ನಾಲಿಗೆಗೆ ಬಿಡುವೆಂಬುದೇ ಇರುತ್ತಿರಲಿಲ್ಲ. ಉಳಿದ ಮಾತೆಲ್ಲ ಮನೆಯಲ್ಲಿ ಗಂಡನ ಪಾಲಿಗೆ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಇಡೀ ದಿನ ಬಾವಿಯಂಥ ಕತ್ತಲಲ್ಲಿ ಹಗ್ಗ, ರಾಟೆ, ಗ್ರೀಸಿನ ಜೊತೆ ಕಳೆದು ಬರುವವನಿಗೆ ಆ ಮಾತು ಬೇಕೂ ಆಗಿತ್ತು. ನಡುನಡುವೆ "ಹೂಂ" ಅನ್ನುವುದಷ್ಟೇ ಅವನ ಕೆಲಸ.

ಒಂದು ಮಂಗಳವಾರ ಕೆಲಸದ ನಡುವೆ ಅವಳ ಕೈಯಿಂದ ಸಟ್ಟುಗ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಮೇಲೇಳಲಿಲ್ಲ. ಬಿದ್ದದ್ದು ಆಸ್ಪತ್ರೆಯೊಳಗೇ ಆದ್ದರಿಂದ ಜೀವ ಉಳಿಯಿತು. ಆದರೆ ಲಕ್ವ ಬಲಗೈಯನ್ನು ಜೋತುಬೀಳಿಸಿತ್ತು, ನಡೆಯಲು ಕೋಲು ಹಿಡಿಸಿತ್ತು, ಮಾತನ್ನು ಕಿತ್ತುಕೊಂಡಿತ್ತು.

ಮಾತು ಕಲಿಸಲು ವಾರಕ್ಕೆ ಎರಡು ಸಲ ಒಬ್ಬ ಟೀಚರಮ್ಮ ಮನೆಗೆ ಬರತೊಡಗಿದಳು. "ಅವರಿಗೆ ನಾವು ಹೇಳೋದೆಲ್ಲಾ ಅರ್ಥ ಆಗುತ್ತೆ. ಪದಗಳೂ ಒಳಗೇ ಇವೆ. ಹೊರಗೆ ಬರೋಕೆ ದಾರಿ ಸಿಕ್ತಿಲ್ಲ, ಅಷ್ಟೇ," ಅಂದಳು.

"ಎರಡು ಮಹಡಿ ನಡುವೆ ಲಿಫ್ಟ್ ನಿಂತ ಹಾಗೆ?" ಅಂತ ಗಂಡ ಕೇಳಿದ.

"ಹಾಗೇ ಅಂದ್ಕೊಳ್ಳಿ. ಆದ್ರೆ ಇದಕ್ಕೆ ಸ್ಪ್ಯಾನರ್ ಹಾಕೋಕಾಗಲ್ಲ."

ಟೀಚರಮ್ಮ ಚಿತ್ರದ ಚೀಟಿಗಳನ್ನು ಒಂದೊಂದಾಗಿ ಎತ್ತಿ ತೋರಿಸುವಳು. ಬಾಚಣಿಗೆ, ಛತ್ರಿ, ಬೆಕ್ಕು. ದಿನಕ್ಕೆ ಮುನ್ನೂರು ಜನರಿಗೆ ಊಟ ಹಾಕಿದವಳಿಗೆ ಬೆಕ್ಕಿನ ಚಿತ್ರ ಹಿಡಿದು "ಇದೇನು ಹೇಳಿ ನೋಡೋಣ" ಅಂದರೆ ಹೇಗಾಗಬೇಡ? ಅವಳು ತುಟಿ ಅಲ್ಲಾಡಿಸುವಳು. "ತ... ತ..." ಅನ್ನುವ ಸದ್ದಷ್ಟೇ ಬರುತ್ತಿತ್ತು. ನಾಲ್ಕನೇ ತಿಂಗಳಿಗೆ ಚೀಟಿ ಕಂಡರೆ ಸಾಕು, ಗೋಡೆಯ ಕಡೆಗೆ ಮುಖ ತಿರುಗಿಸಿಬಿಡುತ್ತಿದ್ದಳು. ಊಟದ ಮೇಲೂ ಮನಸ್ಸಿರಲಿಲ್ಲ.

ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಮಗಳು ಪ್ರತಿ ಭಾನುವಾರ ಬರುತ್ತಿದ್ದಳು. ಒಂದು ಸಲ ಅಪ್ಪನ ಪಾತ್ರೆಯ ಮುಚ್ಚಳ ತೆಗೆದು ನೋಡಿ ನಿಟ್ಟುಸಿರುಬಿಟ್ಟಳು. "ಇವತ್ತೂ ಬೇಯಿಸಿದ ಮೊಟ್ಟೆನಾ ಅಪ್ಪಾ? ನಾಲ್ಕು ತಿಂಗಳಿಂದ ಇದೇ ತಿಂದ್ರೆ ನಾನೂ ಗೋಡೆ ಕಡೆ ತಿರುಗಿ ಮಲಗ್ತೀನಿ."

ಅವನಿಗೆ ನಾಚಿಕೆಯಾಯಿತು. ಹೆಂಡತಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, "ಬರೋ ಭಾನುವಾರ ನಿನ್ನ ಬರ್ಗರ್ ಮಾಡ್ಲಾ?" ಅಂದ. ನಾನೇ ರೈಲು ಓಡಿಸ್ತೀನಿ ಅನ್ನುವ ಮಗುವನ್ನು ನೋಡುವ ಹಾಗೆ ಅವಳು ಅವನನ್ನು ನೋಡಿದಳು.

ಭಾನುವಾರ ಬಂತು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಅವಳನ್ನು ಕೂರಿಸಿದರು. ಅವನು ಪೊಟ್ಟಣ ಬಿಚ್ಚಿ, "ನೋಡು, ಮೊದಲ ದರ್ಜೆ ಖೀಮಾ. ಒಂಚೂರೂ ಕೊಬ್ಬಿಲ್ಲ," ಅಂತ ಜಂಬದಿಂದ ತೋರಿಸಿದ. ಅವಳು ಎಡಗೈಯಿಂದ ಹಣೆ ಚಚ್ಚಿಕೊಂಡಳು. ಯಾಕೆಂದು ಅವನಿಗೆ ಹೊಳೆಯಲಿಲ್ಲ. ಖೀಮಾಕ್ಕೆ ಮೊಟ್ಟೆ ಒಡೆದು ಹಾಕಿದ, ಬ್ರೆಡ್ಡಿನ ಪುಡಿ ಸುರಿದ, ಉಪ್ಪು ಬೆರೆಸಿ ಹತ್ತು ನಿಮಿಷ ಜಿದ್ದಿಗೆ ಬಿದ್ದವನಂತೆ ನಾದಿದ. ಬೆಂದು ಬಂದದ್ದನ್ನು ಅವಳು ಒಂದು ಸಲ ಕಚ್ಚಿದಳು. ಆಮೇಲೆ ಬನ್ನಿನ ಮುಚ್ಚಳ ತೆಗೆದು, ಒಳಗಿನ ಮಾಂಸದ ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ ತಟ್ಟೆಗೆ ಬಿಟ್ಟಳು. ಟಕ್ ಎಂದು ಸದ್ದಾಯಿತು. ಮಗಳು ತಡೆಯಲಾರದೆ ನಕ್ಕಳು. ನೋಡಿದರೆ ಅಮ್ಮನೂ ಭುಜ ಕುಲುಕಿಸುತ್ತಾ ನಗುತ್ತಿದ್ದಳು. ನಾಲ್ಕು ತಿಂಗಳಲ್ಲಿ ಅದೇ ಮೊದಲ ನಗು. ಹಾಗಾದರೆ ಮುಂದಿನ ಭಾನುವಾರವೂ ಮಾಡುವುದೇ ಸೈ ಅಂತ ಅವನು ತೀರ್ಮಾನಿಸಿಬಿಟ್ಟ.

ಎರಡನೇ ಸಲ ಮಾಂಸದಂಗಡಿಯವನನ್ನೇ ಕೇಳಿ, ಐದು ಪಾಲಿಗೆ ಒಂದು ಪಾಲು ಕೊಬ್ಬಿರುವ ಖೀಮಾ ತಂದ. ಅವಳ ಮುಖ ಸ್ವಲ್ಪ ಅರಳಿತು. ಮೊಟ್ಟೆಗೆ ಕೈ ಹಾಕಿದಾಗ ಅವಳು ತಲೆ ಅಲ್ಲಾಡಿಸಿದಳು, ಅವನು ಬಿಟ್ಟ. ನಾದಲು ಹೊರಟಾಗ ಕುರ್ಚಿಯ ಕೈಯನ್ನು ಪಟಪಟನೆ ಬಡಿದಳು, ಅದನ್ನೂ ಬಿಟ್ಟ. ಬಿಲ್ಲೆಗಳು ಕಾವಲಿಯ ಮೇಲೆ ಬಿದ್ದು ಚುಂಯ್ ಎಂದವು. ಅವನಿಗೆ ಹುರುಪು ಬಂತು. ಹೋಟೆಲ್ ಬಾಣಸಿಗರು ಮಾಡುವುದನ್ನು ಎಲ್ಲೋ ಕಂಡಿದ್ದ, ಸಟ್ಟುಗದಿಂದ ಬಿಲ್ಲೆಯನ್ನು ಬಲವಾಗಿ ಅದುಮಿದ. ರಸವೆಲ್ಲ ಹೊರಗೆ ಚಿಮ್ಮಿ ಹೊಗೆ ಎದ್ದಿತು.

"ಅಯ್ಯೋ, ಒತ್ತಬೇಡ್ರೀ!"

ಅವನು ತಿರುಗಿ ಮಗಳನ್ನು ನೋಡಿದ. ಮಗಳು ಅಮ್ಮನನ್ನು ನೋಡುತ್ತಿದ್ದಳು. ಅಮ್ಮ ಎಡಗೈಯಿಂದ ತನ್ನ ಬಾಯಿಯನ್ನೇ ಮುಟ್ಟಿಕೊಂಡಿದ್ದಳು, ಅದು ತನ್ನದೋ ಬೇರೆಯವರದೋ ಅಂತ ನೋಡುವ ಹಾಗೆ.

"ಏನಂದೆ? ಇನ್ನೊಂದ್ಸಲ ಹೇಳು," ಅಂತ ಅವನು ಓಡಿಬಂದು ಮಂಡಿಯೂರಿದ.

"ತ... ತ..." ಅಷ್ಟೇ. ಅವಳ ಕಣ್ಣು ತುಂಬಿ ಬಂತು. ಹಿಂದೆ ಕಾವಲಿಯ ಮೇಲಿದ್ದದ್ದು ಸೀದು ಕರಕಲಾಯಿತು. ಯಾರಿಗೂ ಅದರ ಮೇಲೆ ಗಮನವಿರಲಿಲ್ಲ.

ಸುದ್ದಿ ಕೇಳಿ ಟೀಚರಮ್ಮ ಕೈ ತಟ್ಟಿದಳು. "ಕೋಪದಲ್ಲಿ, ಗಾಬರೀಲಿ ಬರೋ ಮಾತು ತಾನಾಗೇ ಬರುತ್ತೆ. ಬೇಕು ಅಂದಾಗ ಬರೋದು ಕಷ್ಟ. ಆದ್ರೆ ಬಂತಲ್ಲ! ನಾನು ದಡ್ಡಿ, ಬೆಕ್ಕು ತೋರಿಸ್ತಾ ಕೂತಿದ್ದೆ. ಇನ್ಮೇಲೆ ಅಡುಗೆಮನೇಲೇ ಪಾಠ."

ಕೋಪದಲ್ಲಿ ಮಾತು ಬರುತ್ತದೆ ಎಂಬ ಅರ್ಧವನ್ನಷ್ಟೇ ಗಂಡ ತಲೆಗೆ ಹಾಕಿಕೊಂಡ. ಅಂದಿನಿಂದ ಬೇಕೆಂದೇ ತಪ್ಪು ಮಾಡತೊಡಗಿದ. ಕಾವಲಿ ಕಾಯುವ ಮೊದಲೇ ಬಿಲ್ಲೆ ಇಟ್ಟ. ಬನ್ನನ್ನು ಹಸಿಯಾಗಿಯೇ ಬಡಿಸಿದ. ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು ಎತ್ತಿದ. ಫಲ ಸಿಗದೆ ಇರಲಿಲ್ಲ. ಮೂರು ಭಾನುವಾರಗಳಲ್ಲಿ "ಉಪ್ಪು", "ಸಾಕು", "ಥೂ" ಅಂತ ಮೂರು ಮಾತು ಹೊರಬಿದ್ದವು. ಅವನು ಅವನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟ.

ನಾಲ್ಕನೇ ಭಾನುವಾರ ಒಂದೇ ಬಿಲ್ಲೆಯನ್ನು ಐದನೇ ಸಲ ಮಗುಚುತ್ತಾ ಓರೆಗಣ್ಣಲ್ಲಿ ಅವಳನ್ನು ನೋಡಿದ. ಆ ನೋಟ ಅವಳ ಕಣ್ಣಿಗೆ ಬಿತ್ತು. ಗಂಡನನ್ನು ಮೂವತ್ತು ವರ್ಷ ಕಂಡವಳು ಅವಳು. ಕೋಲೂರಿ ಎದ್ದಳು, ನಿಧಾನಕ್ಕೆ ಒಲೆಯವರೆಗೆ ಬಂದಳು, ಕೋಲನ್ನು ಗೋಡೆಗೆ ಒರಗಿಸಿ, ಅವನ ಕೈಯಿಂದ ಸಟ್ಟುಗ ಕಿತ್ತು ಸಿಂಕಿಗೆ ಹಾಕಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಅಮ್ಮ ಏನು ಚಾವಿ ಕೊಟ್ಟು ಆಡಿಸೋ ಗೊಂಬೆನಾ ಅಪ್ಪಾ?" ಅಂತ ಮಗಳು ಅಂದದ್ದು ಅವನ ಎದೆಗೆ ನಾಟಿತು.

ಅವನು ಬಾಗಿಲ ಹೊರಗೆ ನೆಲದ ಮೇಲೆ ಕೂತ. ಮಾತಾಡುವುದು ಅವನಿಗೆ ಒಗ್ಗುವ ಕೆಲಸವಲ್ಲ. ಆದರೂ ಆ ಮಧ್ಯಾಹ್ನ ಬಾಗಿಲಿಗೆ ಬೆನ್ನು ಕೊಟ್ಟು ಒಬ್ಬನೇ ಮಾತಾಡಿದ. "ತಪ್ಪಾಯ್ತು ಕಣೇ. ನಿನ್ನ ಆಟ ಆಡಿಸ್ಬೇಕು ಅಂತಲ್ಲ. ಮನೆ ಬಿಕೋ ಅನ್ನುತ್ತೆ. ಬೆಳಗ್ಗೆ ಎದ್ರೆ ಫ್ರಿಜ್ಜಿನ ಸದ್ದೊಂದೇ. ನೀನು ಬೈದ್ರೂ ಪರವಾಗಿಲ್ಲ ಅನ್ನಿಸ್ಬಿಟ್ಟಿತ್ತು. ನೀನು ಮಾತಾಡದೇ ಇದ್ರೂ ನನಗೆ ನೀನೇ ಬೇಕು. ಇನ್ನೇನು ಹೇಳಲಿ? ನಂಗೆ ಬರಲ್ಲ ಇದೆಲ್ಲಾ."

ಒಳಗೆ ಕೋಲಿನ ಸದ್ದಾಯಿತು. ಬಾಗಿಲು ತೆರೆಯಿತು. ಅವಳು ಚೌಕಟ್ಟಿಗೆ ಒರಗಿ ನಿಂತು ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಕುತ್ತಿಗೆಯ ನರ ಉಬ್ಬಿತು. ಅವನಾಗಲಿ ಮಗಳಾಗಲಿ ಪದ ಹುಡುಕಿ ಕೊಡಲು ಹೋಗಲಿಲ್ಲ.

"ಸರಿ... ಸರಿಯಾಗಿ," ಅಂದಳು. ಬಹಳ ಹೊತ್ತಿನ ಮೇಲೆ, "ಮಾಡಿ."

ಅದು ಕೋಪದ ಮಾತಾಗಿರಲಿಲ್ಲ. ಬೇಕೆಂದು ಆರಿಸಿ, ಹೊತ್ತು ತಂದ ಮಾತು.

ಅಂದೇ ಮೊದಲಿನಿಂದ ಶುರುಮಾಡಿದರು. ಅವಳು ಬೆರಳು ತೋರಿಸಿ, ಒಂದೊಂದೇ ಪದ ಕೂಡಿಸಿ ಹೇಳಿಕೊಟ್ಟಳು. "ತಣ್ಣಗೆ" ಅಂದಳು, ಅವನು ಮಿಕ್ಕ ಖೀಮಾವನ್ನು ಆಗಷ್ಟೇ ಫ್ರಿಜ್ಜಿನಿಂದ ಹೊರತೆಗೆದ. "ಮೆಲ್ಲಗೆ" ಅಂದಳು, ನಾದದೆ ಅಂಗೈಯಲ್ಲಿ ಹಗುರವಾಗಿ ಉಂಡೆ ಮಾಡಿ ತಟ್ಟಿದ. ಬೇಯುವಾಗ ಮಾಂಸ ಕುಗ್ಗುತ್ತದೆ, ಆದ್ದರಿಂದ ಬಿಲ್ಲೆ ಬನ್ನಿಗಿಂತ ಅಗಲವಿರಬೇಕು. ಅದನ್ನು ಅವಳು ಕೈಸನ್ನೆಯಲ್ಲೇ ತಿಳಿಸಿದಳು. ನಡುವೆ ಉಬ್ಬದಿರಲೆಂದು ಅವನ ಹೆಬ್ಬೆರಳು ಹಿಡಿದು ತಾನೇ ಒಂದು ಗುಳಿ ಒತ್ತಿಸಿದಳು. ಉಪ್ಪು ಒಳಗಲ್ಲ, ಮೇಲಷ್ಟೇ, ಅದೂ ಕಾವಲಿಗೆ ಹಾಕುವ ಮುನ್ನ. ಕಬ್ಬಿಣದ ಕಾವಲಿಯಿಂದ ಸಣ್ಣ ಹೊಗೆ ಏಳುವವರೆಗೆ ತಡೆದು, ಬಿಲ್ಲೆ ಇಟ್ಟು, ಕೈ ಕಟ್ಟಿ ನಿಲ್ಲಬೇಕು. ಕೆಳಗೆ ಕಂದು ಹೊರಪದರ ಕಟ್ಟಿದ ಮೇಲೆ ಒಂದೇ ಒಂದು ಸಲ ಮಗುಚು. ಚೀಸ್ ಇಡು. ನಡುವೆಯೂ ಪೂರ್ತಿ ಬೆಂದ ಮೇಲೆ ಇಳಿಸಿ ಒಂದೆರಡು ನಿಮಿಷ ಬಿಡು. ಅಷ್ಟರಲ್ಲಿ ಅದೇ ಕೊಬ್ಬಿನಲ್ಲಿ ಬನ್ನು ಕೆಂಪಗಾಗಲಿ. ಇಷ್ಟನ್ನು ಹೇಳಲು ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಕಚ್ಚಿದಾಗ ರಸ ಮಣಿಕಟ್ಟಿನವರೆಗೆ ಇಳಿಯಿತು. ಮಗಳು ತೋಳು ನೆಕ್ಕಿಕೊಂಡಳು. ಅಮ್ಮ ಒಂದು ತುಂಡನ್ನೂ ಬಿಡದೆ ತಿಂದು, ಇನ್ನೊಂದಕ್ಕೆ ತಟ್ಟೆ ಮುಂದೆ ನೂಕಿದಳು.

ಕೈ ಪೂರ್ತಿ ಬರಲಿಲ್ಲ. ಮಾತು ಅರ್ಧದಷ್ಟು ಬಂತು. ಆ ಅರ್ಧವೂ ಒಮ್ಮೊಮ್ಮೆ ತಪ್ಪು ಮನೆಯ ಬಾಗಿಲು ತಟ್ಟುತ್ತಿತ್ತು. ಮಗಳನ್ನು "ಈರುಳ್ಳಿ" ಎಂದು ಕರೆದು ತಾನೇ ಬಿದ್ದು ಬಿದ್ದು ನಗುವಳು. ವರ್ಷ ಕಳೆಯುವ ಹೊತ್ತಿಗೆ ಕ್ಯಾಂಟೀನಿನ ಹೊಸ ಅಡುಗೆಯವಳು ಮನೆಗೇ ಬಂದಳು. "ಅಕ್ಕಾ, ನನ್ನ ಬರ್ಗರ್ ತಿಂದವರೆಲ್ಲಾ ನಿಮ್ಮ ಹೆಸರು ಹೇಳ್ತಾರೆ. ದಮ್ಮಯ್ಯ, ಬಂದು ಕೂತ್ಕೊಂಡಾದ್ರೂ ಹೇಳಿಕೊಡಿ," ಅಂದಳು. ಕ್ಯಾಂಟೀನಕ್ಕ ಗಂಡನ ಮುಖ ನೋಡಿದಳು. ನೋಡಿದ್ದು ಅಪ್ಪಣೆಗಲ್ಲ, ಯಾವ ಸೀರೆ ಉಡಲಿ ಎಂದು.

ಈಗ ವಾರಕ್ಕೆ ಮೂರು ದಿನ ಕಾವಲಿಯ ಪಕ್ಕದಲ್ಲಿ ಎತ್ತರದ ಸ್ಟೂಲಿನ ಮೇಲೆ ಅವಳು ಕೂರುತ್ತಾಳೆ. ಒಂದು ಪದ ಹುಡುಕಲು ಅವಳಿಗೆ ಬೇಕಾದಷ್ಟು ಹೊತ್ತನ್ನು ನರ್ಸುಗಳು ಗಡಿಯಾರ ನೋಡದೆ ಕೊಡುತ್ತಾರೆ.

ಒಂದು ಮಧ್ಯಾಹ್ನ ಗಂಡ ಗ್ರೀಸಿನ ಬಟ್ಟೆಯಲ್ಲೇ ಅಲ್ಲಿಗೆ ಊಟಕ್ಕೆ ಬಂದ. ತಟ್ಟೆ ಹಿಡಿದು ನಿಂತೇ ಒಂದು ತುತ್ತು ಕಚ್ಚಿದ.

"ಹೇಗಿದೆ?" ಅವಳು ಕೇಳಿದಳು. ಒಂದು ಚೂರೂ ತಡವರಿಸಲಿಲ್ಲ.

"ಚೆನ್ನಾಗಿದೆ. ಬನ್ನು ಸ್ವಲ್ಪ ಸೀದಿದೆ."

ಅವಳು ಹುಬ್ಬು ಗಂಟಿಕ್ಕಿ ಹೊಸ ಅಡುಗೆಯವಳ ಕಡೆ ತಿರುಗಿದಳು. ಬನ್ನಿನ ಬಗ್ಗೆ ಹೇಳುವುದು ಬಹಳ ಇತ್ತು. ಒಂದು ಪದ ಸಿಕ್ಕಿತು, ಇನ್ನೊಂದು ಕೈಕೊಟ್ಟಿತು, ಅದನ್ನು ಬಿಟ್ಟು ಮೂರನೆಯದನ್ನು ಹಿಡಿದಳು. ಅವನು ಬರ್ಗರ್ ಮುಗಿಸಿ, ಕೈ ಒರೆಸಿಕೊಂಡು, ಊಟದ ಬಿಡುವು ಮುಗಿಯುವ ತನಕ ಅಲ್ಲೇ ನಿಂತು ಕೇಳಿಸಿಕೊಂಡ.