ಅರ್ಧಕ್ಕೆ ನಿಂತ ಕನ್ನ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಉಂಗುರಮ್ಮ ಎಂದೇ. ರಕ್ತದಲ್ಲಿ ಓಡಾಡುವ ಕೆಲವು ಪ್ರೋಟೀನುಗಳು ರೋಗಾಣು ಕಂಡೊಡನೆ ಒಂದರ ಪಕ್ಕಕ್ಕೊಂದು ನಿಂತು ಉಂಗುರ ಕಟ್ಟುತ್ತವೆ. ಆ ಉಂಗುರವೇ ರೋಗಾಣುವಿನ ಮೈಗೆ ತೂತು ಕೊರೆಯುತ್ತದೆ. ನಮ್ಮದೇ ಜೀವಕೋಶಕ್ಕೆ ಆ ಗತಿ ಬಾರದಂತೆ ಕಾಯುವ ಪುಟ್ಟ ಪ್ರೋಟೀನೂ ಒಂದಿದೆ. ಅದು ಎಲ್ಲಿ ನಿಂತು ತಡೆಯುತ್ತದೆ ಎಂದು ಕಣ್ಣಾರೆ ಕಾಣಬೇಕೆಂಬ ಹಂಬಲದಲ್ಲಿ ಅವಳು ಎರಡು ವರ್ಷದಿಂದ ಎಲ್ಲವನ್ನೂ ಬೆರೆಸಿ, ಮಂಜುಗಡ್ಡೆಯ ತೆಳು ಪದರದಲ್ಲಿ ಹಿಡಿದಿಟ್ಟು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯುತ್ತಿದ್ದಳು. ಸಿಕ್ಕಿದ್ದು ಬರೀ ಉಂಗುರ. ಕಾವಲುಗಾರನ ಸುಳಿವೇ ಇಲ್ಲ.

"ಸೋಮವಾರದೊಳಗೆ ಏನೂ ಕಾಣದಿದ್ರೆ ಇಲ್ಲಿಗೇ ಬಿಟ್ಬಿಡೋಣಮ್ಮ. ಯಂತ್ರಕ್ಕೆ ಬೇರೆಯವರು ಕಾಯ್ತಿದಾರೆ," ಎಂದಿದ್ದರು ಪ್ರಯೋಗಾಲಯ ನಡೆಸುವ ಮೇಡಂ, ಮೆತ್ತಗೆ.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೊನೆಯ ಚಿತ್ರಗಳನ್ನು ವಿಂಗಡಿಸುತ್ತಿದ್ದಳು. ದುಂಡಗಿದ್ದವು ಒಂದು ಕಡೆ, ಮುರುಕೆಲ್ಲ ಕಸಕ್ಕೆ. ಎದುರಿಗೆ ಅಜ್ಜಿ ಬಟಾಣಿ ಸುಲಿಯುತ್ತಿದ್ದಳು.

"ಅದೇನೇ, ಕಾಳು ಆರಿಸಿದ ಹಾಗೆ?"

"ಕನ್ನ, ಅಜ್ಜಿ. ನಿನ್ನ ಕಥೆಯ ಕಳ್ಳರು ಗೋಡೆಗೆ ಕೊರೀತಿದ್ರಲ್ಲ, ಹಾಗೆ. ನಂಗೆ ಬೇಕಾಗಿರೋದು ಕಾವಲುಗಾರ. ಅವನೇ ಕೈಗೆ ಸಿಗ್ತಿಲ್ಲ."

ಅಜ್ಜಿ ಕನ್ನಡಕ ಏರಿಸಿ ಬಗ್ಗಿದಳು. "ಮತ್ತೆ ಈ ಅರ್ಧಂಬರ್ಧದ್ದು ಯಾಕೆ ಎಸೀತಿದೀಯ?"

"ಅವು ಒಡೆದು ಹೋಗಿರೋವು. ಎಲ್ಲರೂ ಎಸೀತಾರೆ."

"ಪೆದ್ದೀ, ಕನ್ನ ಪೂರ್ತಿ ಆಗಿದೆ ಅಂದ್ರೆ ಕಾವಲಿನೋನು ಗೊರಕೆ ಹೊಡೀತಿದ್ದ ಅಂತ. ಅವನು ಎದ್ದ ಮನೇಲಿ ಕನ್ನ ಅರ್ಧಕ್ಕೇ ನಿಂತಿರುತ್ತೆ. ಎಷ್ಟು ಸಲ ಹೇಳಿಲ್ಲ ನಿಂಗೆ!"

ಬೆರಳು ಕೀಲಿಮಣೆಯ ಮೇಲೆ ನಿಂತೇಬಿಟ್ಟಿತು. ಅವಳು ಕಸದ ಫೋಲ್ಡರ್ ತೆರೆದಳು. ನಲವತ್ತು ಸಾವಿರ ಮುರುಕು. ಸುಮ್ಮನೆ ಒಡೆದವಾದರೆ ಒಂದೊಂದೂ ಒಂದೊಂದು ಥರ ಒಡೆದಿರಬೇಕು, ಒಂದರ ಮೇಲೊಂದು ಇಟ್ಟರೆ ಕಲಸಿಹೋಗಬೇಕು. ಕಾವಲುಗಾರ ತಡೆದವಾದರೆ ಎಲ್ಲವೂ ಒಂದೇ ಥರ ನಿಂತಿರಬೇಕು. ಕಂಪ್ಯೂಟರಿಗೆ ಜೋಡಿಸಲು ಹೇಳಿ, ಉಗುರು ಕಚ್ಚುತ್ತ ಕೂತಳು. ಬಟಾಣಿ ಬೆಂದಿತು, ಪಾತ್ರೆ ತೊಳೆದಾಯಿತು, ಕಿಟಕಿಯ ಬಿಸಿಲು ಗೋಡೆ ಹತ್ತಿತು.

ಸಂಜೆಗೆ ಚಿತ್ರ ಮೂಡಿತು. ಕಲಸಿರಲಿಲ್ಲ. ಕುಡುಗೋಲಿನಂತೆ ಬಾಗಿದ ತುಂಡು. ಅದರ ತುದಿಯಲ್ಲಿ, ಉಂಗುರದ ಮುಂದಿನ ಪ್ರೋಟೀನು ಬಂದು ನಿಲ್ಲಬೇಕಾದ ಜಾಗದಲ್ಲೇ, ಗಟ್ಟಿಯಾಗಿ ಕಚ್ಚಿಕೊಂಡ ಒಂದು ಪುಟ್ಟ ಉಬ್ಬು.

"ಅಜ್ಜೀ, ಎದ್ದಿದಾನೆ!"

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ಲಂತೆ," ಅಜ್ಜಿ ಕನ್ನಡಕ ಒರೆಸಿಕೊಂಡು ಎದ್ದಳು.

ಸೋಮವಾರ ಮೇಡಂ ಪರದೆಯನ್ನು ಬಹಳ ಹೊತ್ತು ನೋಡಿದರು. "ಮಸುಕಾಗಿದೆ. ಇನ್ನೂ ಚಿತ್ರ ಬೇಕು. ಮೂರು ತಿಂಗಳು ಯಂತ್ರ ನಿಂದೇ." ಆಮೇಲೆ ಹುಬ್ಬೇರಿಸಿದರು: "ಕಸ ಕೆದಕೋ ಬುದ್ಧಿ ಎಲ್ಲಿಂದ ಬಂತೇ?"

"ಕಳ್ಳರ ಕಥೆ ಕೇಳಿ ಬೆಳೆದೋಳು, ಮೇಡಂ."